ಶಾಸ್ತ್ರಕ್ಕೆ ಅಧಿಕಾರಿ ಯಾರು?

ಮಗಳು ವಿಶ್ವವಿದ್ಯಾನಿಲಯವನ್ನು ಸೇರಿ ಸಂಸ್ಕೃತದಲ್ಲಿ ವೇದಾಂತವನ್ನೂ ಆಗಮವನ್ನೂ ಓದುವೆನೆಂದಾಗ ತಂದೆಯ ಮನಸ್ಸಿನಲ್ಲಿ ಎರಡು ಸಂಶಯಗಳೇಳುವುದು ಸಹಜ. ಇದರಿಂದ ಜೀವನೋಪಾಯವಾದೀತೇ ಎಂಬುದು ಮೊದಲನೆಯದು. ಶರಣರು ತಿಳಿಗನ್ನಡದಲ್ಲಿ ಹೇಳಿಟ್ಟುದನ್ನು ಬಿಟ್ಟು ಸಂಸ್ಕೃತ ಗ್ರಂಥಗಳನ್ನರಸುವುದು ಶರಣಮಾರ್ಗಕ್ಕೆ ಬೆನ್ನುಮಾಡಿದಂತಲ್ಲವೇ ಎಂಬುದು ಎರಡನೆಯದು. ಅಧ್ಯಾಪಕವೃತ್ತಿ ಓದಿದವರೆಲ್ಲರಿಗೂ ದೊರೆಯದೆಂಬುದನ್ನು ಮುಚ್ಚಿಡಬಾರದು. ಮೊದಲನೆಯದಕ್ಕೆ ಇಷ್ಟೇ ಉತ್ತರ. ವಿಚಾರಾರ್ಹವಾದುದು ಎರಡನೆಯದು.

ಈ ಅಧ್ಯಯನಕ್ಕೆ ಇಂದು ಸ್ಥಳಗಳ ಕೊರತೆಯಿಲ್ಲ. ಕಾಶಿಯಲ್ಲಿ 1791ರಲ್ಲಿ ಪಾಠಶಾಲೆಯಾಗಿ ಮೊದಲಾದ ಸಂಸ್ಥೆ 1958ರಲ್ಲಿ ವಿಶ್ವವಿದ್ಯಾನಿಲಯವಾಯಿತು. 1974ರಿಂದ ಸಂಪೂರ್ಣಾನಂದರ ಹೆಸರನ್ನು ಹೊತ್ತಿದೆ. ಬೆಂಗಳೂರಿನಲ್ಲಿ 2010ರಲ್ಲಿ ಕರ್ನಾಟಕ ಸಂಸ್ಕೃತ ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ತರ್ಕಸಂಗ್ರಹದಿಂದ ಹೊರಟ ವಿದ್ಯಾರ್ಥಿ ಬ್ರಹ್ಮಸೂತ್ರಭಾಷ್ಯಗಳವರೆಗೆ ಸಾಗಬಹುದು. ವೀರಶೈವರ ಪಾಲಿಗೆ ರೇಣುಕ-ಅಗಸ್ತ್ಯ ಸಂವಾದರೂಪವಾದ ಸಿದ್ಧಾಂತಶಿಖಾಮಣಿಯಿದೆ, ಅದಕ್ಕೆ ಮರಿತೋಂಟದಾರ್ಯರ ವ್ಯಾಖ್ಯಾನವಿದೆ, ಶ್ರೀಪತಿಪಂಡಿತರ ಶ್ರೀಕರಭಾಷ್ಯವಿದೆ.

ಸೂತ್ರಭಾಷ್ಯವನ್ನೋದುವ ಕ್ರಮವೇ ಬೇರೆ. ಅಲ್ಲಿ ಪ್ರತಿಯೊಂದು ಅಧಿಕರಣಕ್ಕೂ ಐದು ಅಂಗಗಳು: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಎದುರಾಳಿಯ ವಾದವನ್ನು ಅವನೇ ತಲೆದೂಗುವಂತೆ ಮೊದಲು ಮಂಡಿಸಬೇಕು; ಆಮೇಲಷ್ಟೇ ಖಂಡಿಸುವ ಹಕ್ಕು. ಇಂದಿನ ವೇದಿಕೆಗಳಲ್ಲಿ ಈ ಸೌಜನ್ಯ ಅಪರೂಪವಾಗಿದೆ. ಹೀಗೆ ಓದುತ್ತ ಹೋದ ಮಗಳು ಪ್ರಥಮಾಧ್ಯಾಯದ ಮೂರನೆಯ ಪಾದದಲ್ಲಿ ಅಪಶೂದ್ರಾಧಿಕರಣಕ್ಕೆ ಬಂದು ನಿಲ್ಲುವಳು. ಶೂದ್ರನಿಗೆ ವೇದವಿದ್ಯೆಯಲ್ಲಿ ಅಧಿಕಾರವುಂಟೇ ಎಂಬುದು ಅಲ್ಲಿಯ ಪ್ರಶ್ನೆ. ಶಂಕರ, ರಾಮಾನುಜ, ಮಧ್ವ ಮೂವರೂ ಅನೇಕ ವಿಷಯಗಳಲ್ಲಿ ಪರಸ್ಪರ ಭಿನ್ನರಾದರೂ ಇಲ್ಲಿ ಇಲ್ಲವೆಂದೇ ನಿರ್ಣಯಿಸಿದರು. ಯಾವ ವಿದ್ಯೆ ಒಂದು ಕಾಲಕ್ಕೆ ತನ್ನಂಥವಳಿಗೆ ನಿಷಿದ್ಧವಾಗಿತ್ತೋ ಆ ವಿದ್ಯೆಯ ನಿಷೇಧವಾಕ್ಯವನ್ನೇ ಅವಳು ಮೇಜಿನ ಮೇಲೆ ತೆರೆದಿಟ್ಟು ಓದಬೇಕಾಗುವುದು.

ಆಗ ಅವಳ ನೆನಪಿಗೆ ಬರಬೇಕಾದವರು ಉರಿಲಿಂಗಪೆದ್ದಿಗಳು. ಹುಟ್ಟಿನಿಂದ ಅಂತ್ಯಜರು, ಮೊದಲು ಕಳವಿನಿಂದ ಬದುಕಿದವರು ಎಂದು ಪರಂಪರೆ ಹೇಳುತ್ತದೆ. ಉರಿಲಿಂಗದೇವರಿಂದ ದೀಕ್ಷೆ ಪಡೆದು, ಗುರುವಿನ ತರುವಾಯ ಅವರ ಪೀಠವನ್ನೇರಿದರು. ಅವರ ವಚನಗಳನ್ನು ತೆರೆದರೆ ಶ್ರುತಿ, ಪುರಾಣ, ಆಗಮಗಳ ಸಂಸ್ಕೃತ ವಾಕ್ಯಗಳು ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ಅದು ಪಾಂಡಿತ್ಯದ ಮೆರವಣಿಗೆಯಲ್ಲ. ಬಾಗಿಲು ಮುಚ್ಚಿದ್ದ ಮನೆಯಿಂದಲೇ ಸಾಕ್ಷಿಗಳನ್ನು ಹೊರಕ್ಕೆ ಕರೆತಂದು, ಲಿಂಗನಿಷ್ಠೆಗಿಂತ ಕುಲ ಹಿರಿದಲ್ಲವೆಂದು ಅವರ ಬಾಯಿಂದಲೇ ಹೇಳಿಸಿದ ಧೀರತನ. ಗ್ರಂಥವನ್ನು ದೂರವಿಟ್ಟು ನಿಂದಿಸಿದ್ದರೆ ಈ ಸಾಕ್ಷ್ಯ ದೊರೆಯುತ್ತಿರಲಿಲ್ಲ. ಅವರ ಪುಣ್ಯಸ್ತ್ರೀ ಕಾಳವ್ವೆಯೂ ವಚನಕಾರ್ತಿ. ಆ ಮನೆಯಲ್ಲಿ ಅರಿವು ಗಂಡಸಿನ ಸೊತ್ತಾಗಿರಲಿಲ್ಲ.

ಇದರರ್ಥ ಸಂಸ್ಕೃತವನ್ನೋದಿದವರೆಲ್ಲ ಶರಣರೆಂದಲ್ಲ. ಓದಿ ಬಂದವಳು ಅಂಬಿಗರ ಚೌಡಯ್ಯನ ಮಾತು ಒರಟೆಂದು ಮೂಗುಮುರಿದರೆ ಅವಳ ಐದು ವರ್ಷ ಕಾಗದಕ್ಕೆ ಹೋದಂತೆ. ಆ ಅಪಾಯವಿದೆ. ಆದರೆ ಓದದೆಯೇ ಮೂಗುಮುರಿಯುವವರೂ ಉಂಟು, ಅವರ ಸಂಖ್ಯೆಯೇ ಹೆಚ್ಚು.

ಆದಕಾರಣ ತಂದೆ ಮಗಳನ್ನು ಕಳುಹಿಸಲಿ. ರಜೆಗೆ ಅವಳು ಊರಿಗೆ ಬಂದಾಗ, ಸಂಜೆ ಇಷ್ಟಲಿಂಗಪೂಜೆ ಮುಗಿದು ಮನೆಯವರು ವಚನಪಠನಕ್ಕೆ ಕುಳಿತಾಗ, ಉರಿಲಿಂಗಪೆದ್ದಿಗಳ ವಚನವನ್ನೇ ತೆಗೆಯಲಿ. ಸಂಸ್ಕೃತ ವಾಕ್ಯ ಬಂದಲ್ಲಿ ನಾಲಗೆ ತೊಡರಿ, ಅದನ್ನು ಬಿಟ್ಟು ಮುಂದಿನ ಸಾಲಿಗೆ ಹೋಗುವುದು ಎಷ್ಟೋ ಮನೆಗಳ ವಾಡಿಕೆ. ಆ ದಿನ ಅಲ್ಲಿಯೇ ನಿಂತು, ಪದಚ್ಛೇದ ಮಾಡಿ ಅರ್ಥ ಹೇಳೆಂದು ಅವಳನ್ನು ಕೇಳಲಿ, ಅಜ್ಜಿಯೂ ಕೇಳಿಸಿಕೊಳ್ಳಲಿ.