‘ನನ್ನಂಥವರು ಬೇರಿಲ್ಲ’ ಎಂಬ ಭಾವ

ಷಟ್ಖಂಡ ಭೂಮಿಯನ್ನು ಗೆದ್ದ ಭರತ ಚಕ್ರವರ್ತಿಯು ವೃಷಭಾಚಲದ ಶಿಲೆಯ ಮೇಲೆ ತನ್ನ ಪ್ರಶಸ್ತಿಯನ್ನು ಬರೆಯಬಯಸಿದನು. ತನ್ನಂಥ ವಿಜಯಿ ಬೇರೊಬ್ಬನಿಲ್ಲವೆಂಬ ಭಾವ ಅವನಲ್ಲಿ ತುಂಬಿತ್ತು. ಕಾಕಿಣೀರತ್ನವನ್ನು ಹಿಡಿದು ಸಮೀಪಿಸಿದಾಗ, ಅಲ್ಲಿ ಒಂದು ಹೆಸರಿಗೂ ತೆರವಿರಲಿಲ್ಲ. ಹಿಂದೆ ಆಗಿಹೋದ ಅಸಂಖ್ಯಾತ ಚಕ್ರವರ್ತಿಗಳ ಪ್ರಶಸ್ತಿಗಳಿಂದ ಪರ್ವತ ತುಂಬಿಹೋಗಿತ್ತು. ಅವನ ಗರ್ವ ಇಳಿಯಿತು. ಒಬ್ಬರ ಹೆಸರನ್ನು ಅಳಿಸಿಯೇ ತನ್ನದನ್ನು ಬರೆಯಬೇಕಾಯಿತು. ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣವೂ ಕ್ರಿ.ಶ. 941ರಲ್ಲಿ ಪಂಪ ಮಹಾಕವಿ ರಚಿಸಿದ ಕನ್ನಡ ಆದಿಪುರಾಣವೂ ಈ ಪ್ರಸಂಗವನ್ನು ಹೇಳುತ್ತವೆ.

ಈ ಭಾವವು ಚಕ್ರವರ್ತಿಗಳಿಗೆ ಮಾತ್ರ ಮೀಸಲಲ್ಲ. ತನ್ನ ಕುಲ, ವಿದ್ಯೆ, ವೃತ್ತಿ, ಅಭಿರುಚಿ, ಸ್ವಭಾವಗಳನ್ನು ಒಂದೊಂದಾಗಿ ಎಣಿಸಿ, ಇವೆಲ್ಲವೂ ಕೂಡಿರುವ ಮನುಷ್ಯ ಮತ್ತೊಬ್ಬನಿರಲಾರನೆಂದು ಸಾಮಾನ್ಯನೂ ಭಾವಿಸುತ್ತಾನೆ. ಈ ಲೆಕ್ಕವನ್ನು ವ್ಯಾಪಾರಿಯ ದೃಷ್ಟಿಯಿಂದ ಪರಿಶೀಲಿಸುವುದು ಉಚಿತ. ಹತ್ತು ಜನರಲ್ಲಿ ಒಬ್ಬನಿಗಿರುವಂತಹ, ಒಂದಕ್ಕೊಂದು ಸಂಬಂಧವಿಲ್ಲದ ಆರು ಗುಣಗಳು ಒಬ್ಬನಲ್ಲಿ ಸೇರಿದರೆ ಅವನು ಹತ್ತು ಲಕ್ಷಕ್ಕೊಬ್ಬನಾಗುತ್ತಾನೆ. ಆದರೂ 2011ರ ಜನಗಣತಿಯ 121 ಕೋಟಿ ಜನರಲ್ಲಿ ಅಂಥವರು ಸುಮಾರು 1,210 ಮಂದಿ ಇರಬೇಕಾಗುತ್ತದೆ. ಇನ್ನೂ ಹತ್ತು ಗುಣಗಳನ್ನು ಸೇರಿಸಿದರೆ ಅವನು ಏಕಾಕಿಯಾಗಬಹುದು. ಆದರೆ ಅದೇ ಲೆಕ್ಕದಿಂದ ಅವನ ನೆರೆಯವನೂ ಏಕಾಕಿಯೇ. ಎಲ್ಲರಿಗೂ ಸಲ್ಲುವ ವಿರಳತೆಯು ಯಾರಿಗೂ ಹೆಚ್ಚಳವನ್ನು ತರಲಾರದು.

ಈ ಲೆಕ್ಕದಲ್ಲಿ ಮತ್ತೊಂದು ದೋಷವೂ ನುಸುಳುತ್ತದೆ. ಜೈನ ಕುಲದಲ್ಲಿ ಜನನ, ಸಸ್ಯಾಹಾರ, ರಾತ್ರಿಭೋಜನ ತ್ಯಾಗ, ಕಂದಮೂಲ ತ್ಯಾಗ ಎಂದು ನಾಲ್ಕು ವೈಶಿಷ್ಟ್ಯಗಳನ್ನು ಒಬ್ಬನು ಎಣಿಸಬಹುದು. ಬಹುಮಟ್ಟಿಗೆ ಇವು ಒಂದೇ ಸಂಸ್ಕಾರದ ಫಲಗಳು. ಒಂದೇ ರಕಮನ್ನು ನಾಲ್ಕು ಬಾರಿ ಜಮಾ ಬರೆದರೆ ಆಸ್ತಿ ಹೆಚ್ಚುವುದಿಲ್ಲ. ಖಾತೆ ಮಾತ್ರ ತಪ್ಪಾಗುತ್ತದೆ.

ಜೈನರು ಸಂಖ್ಯೆಯಲ್ಲಿ ವಿರಳರೆಂಬುದು ನಿಜ. 2011ರ ಗಣತಿಯಂತೆ ದೇಶದಲ್ಲಿ ಅವರು ಸುಮಾರು 44.5 ಲಕ್ಷ, ಸಾವಿರಕ್ಕೆ ನಾಲ್ವರೂ ಇಲ್ಲ. ಕರ್ನಾಟಕದಲ್ಲಿ ಸುಮಾರು 4.4 ಲಕ್ಷ, ಎಂದರೆ ಸಾವಿರಕ್ಕೆ ಏಳು ಮಂದಿ. ಈ ವಿರಳತೆಯಿಂದ ಕೆಲವರಲ್ಲಿ ಗರ್ವ ಹುಟ್ಟಿದರೆ ಕೆಲವರಲ್ಲಿ ವಿಷಾದ ಹುಟ್ಟುತ್ತದೆ. ದೂರದ ಊರಿನ ವಿದ್ಯಾರ್ಥಿನಿಲಯದಲ್ಲಿ ಸೂರ್ಯಾಸ್ತಕ್ಕೆ ಮೊದಲು ಒಂಟಿಯಾಗಿ ಉಣ್ಣುವ ತರುಣನು, ತನ್ನನ್ನು ಅರಿಯುವವರು ಯಾರೂ ಇಲ್ಲವೆಂದು ಕುಗ್ಗಬಹುದು. ಆದರೆ ಅದೇ ನಿಲಯದಲ್ಲಿ ತನ್ನ ಮನೆತನದಿಂದ ಮೊದಲು ಕಾಲೇಜು ಕಂಡವನಿರಬಹುದು. ತನ್ನ ಮಾತೃಭಾಷೆಯಲ್ಲಿ ಮಾತನಾಡಲು ಜೊತೆಯೇ ಇಲ್ಲದವನೂ ಇರಬಹುದು. ಅವರವರ ಒಂಟಿತನ ಅವರವರಿಗೆ. ಅದನ್ನು ಅರಿತವನು ಅವರೊಡನೆ ಮೊದಲು ಮಾತನಾಡುತ್ತಾನೆ.

ಗರ್ವದ ವಿಷಯದಲ್ಲಿ ಆಚಾರ್ಯರು ಬಹು ಎಚ್ಚರ ವಹಿಸಿದ್ದಾರೆ. ಜ್ಞಾನ, ಪೂಜೆ, ಕುಲ, ಜಾತಿ, ಬಲ, ಋದ್ಧಿ, ತಪಸ್ಸು, ಶರೀರ ಎಂಬ ಎಂಟನ್ನು ಆಶ್ರಯಿಸಿದ ಮದಗಳನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ತಪಸ್ಸೂ ಪಟ್ಟಿಯಲ್ಲಿದೆ ಎಂಬುದು ಗಮನಾರ್ಹ. ಕುಲವು ಗೋತ್ರಕರ್ಮದಿಂದ, ಶರೀರದ ರೂಪವು ನಾಮಕರ್ಮದಿಂದ, ಬುದ್ಧಿಯ ತೀಕ್ಷ್ಣತೆಯು ಜ್ಞಾನಾವರಣೀಯ ಕರ್ಮದ ಕ್ಷಯೋಪಶಮದಿಂದ ಬಂದವು. ಇವೆಲ್ಲ ಹಿಂದಿನ ಖಾತೆಯಿಂದ ಬಂದ ಆರಂಭದ ಶಿಲ್ಕು. ಶಿಲ್ಕನ್ನು ಈ ವರ್ಷದ ಲಾಭವೆಂದು ತೋರಿಸುವ ವರ್ತಕನು ಅನ್ಯರಿಗಿಂತ ಮೊದಲು ತನ್ನನ್ನೇ ವಂಚಿಸಿಕೊಳ್ಳುತ್ತಾನೆ. ಆತ್ಮಪ್ರಶಂಸೆ, ಪರನಿಂದೆಗಳು ನೀಚಗೋತ್ರದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಹೀಗೆ ಉಚ್ಚಕುಲದ ಹೆಮ್ಮೆಯೇ ಆ ಉಚ್ಚತೆಯನ್ನು ಕರಗಿಸುತ್ತದೆ.

ಹಾಗಾದರೆ ವ್ಯಕ್ತಿವೈಶಿಷ್ಟ್ಯವು ಕೇವಲ ಭ್ರಮೆಯೇ? ಅಲ್ಲ. ಜೀವಗಳು ಅನಂತ; ಪ್ರತಿಯೊಂದೂ ಬೇರೆ. ಉಪಯೋಗವೆಂಬ ಲಕ್ಷಣವು ಎಲ್ಲಕ್ಕೂ ಸಮಾನ. ಸಂಗ್ರಹನಯವು ಸಾಮಾನ್ಯವನ್ನು ನೋಡುತ್ತದೆ, ವ್ಯವಹಾರನಯವು ಭೇದವನ್ನು ನೋಡುತ್ತದೆ. ಒಂದನ್ನೇ ಹಿಡಿದು ಇನ್ನೊಂದನ್ನು ಅಲ್ಲಗಳೆಯುವುದು ದುರ್ನಯ. ತನ್ನಲ್ಲಿ ಭೇದವನ್ನೂ ಇತರರಲ್ಲಿ ಬರಿಯ ಗುಂಪನ್ನೂ ಕಾಣುವವನು ಈ ದೋಷಕ್ಕೆ ಒಳಗಾಗಿದ್ದಾನೆ.

ಜಿನಾಗಮವು ದುರ್ಲಭವೆಂದು ಕರೆದ ವಸ್ತುವೊಂದಿದೆ. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಬೋಧಿದುರ್ಲಭವೂ ಒಂದು. ನಿಗೋದದಿಂದ ತ್ರಸಪರ್ಯಾಯ, ಅಲ್ಲಿಂದ ಪಂಚೇಂದ್ರಿಯತ್ವ, ಮನುಷ್ಯಜನ್ಮ, ಆರೋಗ್ಯ, ಧರ್ಮಶ್ರವಣ. ಒಂದಕ್ಕಿಂತ ಒಂದು ದುರ್ಲಭ. ಇಲ್ಲಿ ನೆರೆಯವನೊಡನೆ ಹೋಲಿಕೆಯಿಲ್ಲ. ದೊರೆತದ್ದನ್ನು ವ್ಯರ್ಥಗೊಳಿಸಬಾರದೆಂಬ ಎಚ್ಚರವಿದೆ. ಹೋಲಿಕೆಯಿಂದ ಅಳೆದ ವಿರಳತೆ ಮದವಾಗುತ್ತದೆ. ಅವಕಾಶವೆಂದು ಅರಿತ ವಿರಳತೆ ಹೊಣೆಯಾಗುತ್ತದೆ.

ಈ ವಿವೇಕವು ಮನೆಯಲ್ಲಿಯೂ ಬಸದಿಯಲ್ಲಿಯೂ ಪರೀಕ್ಷೆಗೊಳಗಾಗುತ್ತದೆ. ವಿವಾಹದ ಮಾತುಕತೆಯಲ್ಲಿ ಮನೆತನದ ಹಿರಿಮೆಯನ್ನೇ ಮುಂದಿಟ್ಟು ಗುಣವಂತರನ್ನು ಹಿಂದಕ್ಕೆ ಕಳುಹಿಸುವಾಗ ಕುಲಮದವು ಮಾತನಾಡುತ್ತದೆ. ಜೀರ್ಣೋದ್ಧಾರದ ಫಲಕದಲ್ಲಿ ಯಾರ ಹೆಸರು ಮೇಲಿರಬೇಕೆಂಬ ವಿವಾದದಲ್ಲಿ ಋದ್ಧಿಮದವು ಮಾತನಾಡುತ್ತದೆ. ಅಂತಹ ಸಭೆಯಲ್ಲಿ ಟ್ರಸ್ಟಿನ ಹಿರಿಯರು ವೃಷಭಾಚಲದ ಪ್ರಸಂಗವನ್ನು ಒಮ್ಮೆ ನೆನಪಿಸಿದರೆ ಸಾಕು. ಆರು ಖಂಡಗಳ ಒಡೆಯನಿಗೇ ದೊರೆಯದ ತೆರವಿಗಾಗಿ ಶ್ರಾವಕರು ಕಲಹವಾಡುವುದು ತರವಲ್ಲ.