ಯಾರನ್ನು? ಏನನ್ನು?

ಕ್ರಿಯಾಪದವನ್ನು ‘ಏನನ್ನು’, ‘ಯಾರನ್ನು’ ಎಂದು ಕೇಳಿ. ಉತ್ತರ ಬಂದರೆ ಸಕರ್ಮಕ, ಬರದಿದ್ದರೆ ಅಕರ್ಮಕ. ಕನ್ನಡ ಶಾಲೆಯ ಮಕ್ಕಳಿಗೆ ಪಾಠ ಅಲ್ಲಿಗೆ ಮುಗಿಯುತ್ತದೆ. ಇಂಗ್ಲಿಷಿನಲ್ಲಿ ಅಷ್ಟು ಸಾಲದು. ಸಕರ್ಮಕವೆಂದು ತಿಳಿದ ಮೇಲೂ ಕರ್ಮಪದವನ್ನು ಹೇಳಲೇಬೇಕೆ, ಬಿಡಬಹುದೆ ಎಂಬುದು ಒಂದೊಂದು ಕ್ರಿಯಾಪದಕ್ಕೆ ಒಂದೊಂದು ಬಗೆ. ‘ಈಟ್’ ಎಂದಾಗ ಏನು ತಿಂದರೆಂದು ಹೇಳದಿದ್ದರೂ ನಡೆಯುತ್ತದೆ. ಕಬಳಿಸು ಎನ್ನುವ ‘ಡಿವೌರ್’ಗೆ ಹೇಳದೆ ವಿಧಿಯಿಲ್ಲ. ‘ಪುಸ್ತಕ ಎಲ್ಲಿ?’ ಎಂದರೆ ನಾವು ‘ಕೊಟ್ಟೆ’ ಎಂದು ಮುಗಿಸುತ್ತೇವೆ. ಅದೇ ಧಾಟಿಯಲ್ಲಿ ‘ಐ ಗೇವ್’ ಎಂದರೆ ಇಂಗ್ಲಿಷಿನವರಿಗೆ ಮಾತು ಅರ್ಧಕ್ಕೆ ನಿಂತ ಹಾಗೆ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಮತ್ತು ಸಂಗಡಿಗರು ಸಿದ್ಧಪಡಿಸಿದ, 1942ರಲ್ಲಿ ಟೋಕಿಯೊದಲ್ಲಿ ಅಚ್ಚಾದ ನಿಘಂಟು ಕ್ರಿಯಾಪದಗಳ ಇಂಥ ನಡೆಯನ್ನು ಗುರುತು ಹಾಕಿ ತೋರಿಸಿತು. ಹೊರಗಿನಿಂದ ಕಲಿಯುವವರ ಊಹೆಗೆ ಸಿಗುವ ಸಂಗತಿ ಇದಲ್ಲ.

‘ಕಿಲ್’ ಎಂಬುದರ ನಡೆಯಂತೂ ನನ್ನನ್ನು ಬಹಳ ಕಾಡಿದೆ. ‘ಚಿರತೆ ಕೊಂದಿತು’ ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿದರೆ ಏನೋ ಕೊರತೆ. ‘ಚಿರತೆಗಳು ಕತ್ತಲಾದ ಮೇಲೆ ಕೊಲ್ಲುತ್ತವೆ’ ಎಂದರೆ ಕೊರತೆಯಿಲ್ಲ. ಭಾಷಾವಿಜ್ಞಾನಿ ಅಡೆಲ್ ಗೋಲ್ಡ್‌ಬರ್ಗ್ 2001ರ ಲೇಖನವೊಂದರಲ್ಲಿ ಇದಕ್ಕೆ ಕಾರಣ ಕೊಟ್ಟಿದ್ದಾರೆ: ಕೆಲಸ ಮೇಲಿಂದ ಮೇಲೆ ನಡೆದು ಗಮನವೆಲ್ಲ ಅದರ ಮೇಲೆಯೇ ನೆಟ್ಟಾಗ, ಅದಕ್ಕೆ ಈಡಾದವರು ವಾಕ್ಯದಿಂದ ಬಿಟ್ಟುಹೋಗಬಹುದು.

ವ್ಯಾಕರಣ ಇಲ್ಲಿ ನಮ್ಮ ಮನಸ್ಸಿನ ಒಂದು ರೂಢಿಯನ್ನೇ ಹಿಡಿದಿದೆ. ಮೊದಲ ಸಲ ಲಂಚಕ್ಕೆ ಕೈಯೊಡ್ಡಿದ ನೌಕರನಿಗೆ ಕೊಟ್ಟವರ ಮುಖ ನೆನಪಿರುತ್ತದೆ: ಪಹಣಿಗೆಂದು ಬಂದ ಮುದುಕ, ಅಂಗಿಯ ಒಳಜೇಬು, ಮಡಿಸಿ ಮಡಿಸಿ ಮೆತ್ತಗಾದ ನೋಟು. ಹತ್ತು ವರ್ಷ ಕಳೆಯಲಿ, ಊರಿನವರೇ ‘ಅವರು ತಿಂತಾರೆ’ ಎನ್ನುತ್ತಾರೆ. ಏನನ್ನು, ಯಾರದನ್ನು? ಮುದುಕ ಮಾತಿನಿಂದಲೂ ಮನಸ್ಸಿನಿಂದಲೂ ಹೋದ. ಇದಕ್ಕಿಂತ ಸಂಕಟದ್ದು ಓಣಿಯ ಇನ್ನೊಂದು ಮಾತು: ‘ಆತ ಕುಡೀತಾನೆ, ಹೊಡೀತಾನೆ.’ ಕುಡಿಯುವುದು ಏನನ್ನೆಂದು ಇಂಗ್ಲಿಷಿನಲ್ಲೂ ಕೇಳಬೇಕಿಲ್ಲ, ಕನ್ನಡದಲ್ಲೂ ಕೇಳಬೇಕಿಲ್ಲ. ಹೊಡೆಯುವುದು ಯಾರನ್ನು? ಗೋಡೆಯಾಚೆಯ ಎಲ್ಲರಿಗೂ ಗೊತ್ತು, ಮಾರನೆಯ ಬೆಳಿಗ್ಗೆ ನಲ್ಲಿಯ ಬಳಿ ಸೆರಗನ್ನು ಕೆನ್ನೆಗೆ ಎಳೆದುಕೊಂಡು ನಿಂತವಳನ್ನು ನೋಡಿರುತ್ತಾರೆ. ಆದರೂ ಅದು ಆತನ ಗುಣದ ಮಾತಾಯಿತೇ ಹೊರತು ಆಕೆಗಾದ ಪೆಟ್ಟಿನ ಮಾತಾಗಲಿಲ್ಲ.

ಎಲ್ಲೆಲ್ಲೂ ಕರ್ಮಪದ ಬೇಕೆಂದು ನಾನು ಹಟ ಹಿಡಿಯಲಾರೆ. ದಾನದ ಮಾತಿನಲ್ಲಿ ‘ಗಿವ್’ ಕೂಡ ಒಂಟಿಯಾಗಿ ನಿಲ್ಲುತ್ತದೆ, ನಿಲ್ಲಲಿ. ಬಡ ಹುಡುಗಿಯ ಫೀಸು ಕಟ್ಟಿದ ಮೇಷ್ಟ್ರು ಯಾರಿಗೆ, ಎಷ್ಟು ಎಂದು ಹೇಳದೆ ಇದ್ದುದರಿಂದಲೇ ಅವಳು ತರಗತಿಯಲ್ಲಿ ತಲೆಯೆತ್ತಿ ಕೂರುತ್ತಾಳೆ.

ಕ್ಷಮೆ ಕೇಳುವಾಗ ಮಾತ್ರ ಈ ವಿನಾಯಿತಿ ಸಲ್ಲದು. ‘ಐ ಅಪಾಲಜೈಸ್’ ಎಂದರೆ ವ್ಯಾಕರಣಕ್ಕೆ ಸಾಕು. ‘ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಿ’ ಎಂದು ನಮ್ಮ ವೇದಿಕೆಗಳಲ್ಲೂ ಕೇಳುತ್ತಲೇ ಇರುತ್ತೇವೆ. ನೋವುಂಡವಳು ಎದುರಿಗೇ ಇದ್ದಾಳೆ, ಅವಳಿಗೊಂದು ಹೆಸರಿದೆ. ಆ ಹೆಸರು ಹಿಡಿದು, ನಿನಗೆ ಇಂಥ ದಿನ ಇಂಥ ಮಾತಾಡಿದೆ ಎಂದು ಹೇಳಿದ ಮೇಲಲ್ಲವೆ, ಕ್ಷಮಿಸುವುದೋ ಬಿಡುವುದೋ ಅವಳ ಕೈಗೆ ಬರುವುದು?