ನಾಯಿ ಕಂಡರೆ ಕಲ್ಲಿಲ್ಲ

ಬೀದಿನಾಯಿ ಮೈಮೇಲೆ ಬಂದಾಗ ಕೈಗೆ ಕಲ್ಲು ಸಿಗುವುದಿಲ್ಲ. ಕಲ್ಲು ಎಡವಿದ ಹೊತ್ತಿಗೆ ನಾಯಿ ಇರುವುದಿಲ್ಲ. ‘ನಾಯಿ ಕಂಡರೆ ಕಲ್ಲಿಲ್ಲ, ಕಲ್ಲು ಕಂಡರೆ ನಾಯಿಯಿಲ್ಲ’ ಎಂಬ ಗಾದೆಗೆ ಸಾಮಾನ್ಯವಾಗಿ ಕೊಡುವ ಅರ್ಥ ಇಷ್ಟೇ. ತಿಳಿದವರು ಇನ್ನೊಂದು ಅರ್ಥವನ್ನೂ ಹೇಳುತ್ತಾರೆ. ಇದು ಕಲ್ಲಲ್ಲಿ ಕಡೆದ ನಾಯಿಯ ಮಾತು: ನಾಯಿಯೆಂದು ನೋಡಿದವನಿಗೆ ಕಲ್ಲು ಮರೆಯಾಗುತ್ತದೆ, ಕಲ್ಲೆಂದು ನೋಡಿದವನಿಗೆ ನಾಯಿ. ತಮಿಳಿನ ತಿರುಮೂಲರ್ ಮರದ ಆನೆಯನ್ನು ಮುಂದಿಟ್ಟುಕೊಂಡು ಇದೇ ಮಾತನ್ನು ಪರವಸ್ತುವಿನವರೆಗೂ ಒಯ್ದರು. ನನಗೆ ಅಷ್ಟು ದೂರ ಹೋಗುವ ಕಸುವಿಲ್ಲ. ಮಣ್ಣು, ಸಿಮೆಂಟು ಕಲಸಿ ದನಕರು ಮಾಡುವವನು ನಾನು. ಗಾದೆ ನನ್ನ ಕಸುಬಿಗೆ ಎಷ್ಟು ಒಪ್ಪುತ್ತದೆ ಎಂಬುದಷ್ಟೇ ನನ್ನ ತಕರಾರು.

ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ, ಹೆದ್ದಾರಿ 48ರ ಮಗ್ಗುಲಲ್ಲಿ, ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಹೆಸರಲ್ಲಿ ರಾಕ್ ಇದ್ದರೂ ಮಂದಿ ನೋಡಲು ಬರುವುದು ಸಿಮೆಂಟಿನ ಮೂರ್ತಿಗಳನ್ನು. ಎತ್ತು, ಆಕಳು, ಎಮ್ಮೆ, ಅವುಗಳ ಸುತ್ತ ಒಕ್ಕಲುತನದ ಇಡೀ ಸಂಸಾರ. ಇಂಥ ಕೆಲಸದಲ್ಲಿ ಸರಳು ಬಗ್ಗಿಸಬೇಕು, ಜಾಳಿಗೆ ಸುತ್ತಬೇಕು, ಗಾರೆ ಮೆತ್ತಬೇಕು, ಒಣಗಿದ ಮೇಲೆ ಬಣ್ಣ. ಬಂದ ಹುಡುಗರು ಎತ್ತಿನ ಮೂಗು ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ; ಅವರಿಗೆ ನಾಯಿಯೇ ಕಂಡಿತು. ನನ್ನ ಕಣ್ಣು ಹಿಂಗಾಲಿನ ಸಂದಿಗೆ ಹೋಗುತ್ತದೆ: ಒಳಗಿನ ಸರಳು ಎಲ್ಲಿ ಬಾಗಿದೆ, ಭಾರ ಯಾವ ಗೊರಸಿನ ಮೇಲೆ ಇಳಿದಿದೆ? ನನ್ನ ಪಾಲಿಗೆ ಬಂದದ್ದು ಕಲ್ಲು. ಇಲ್ಲಿಯವರೆಗೆ ಗಾದೆ ಸರಿ.

ಆದರೆ ಒಮ್ಮೆ ನಾನು ಮಾಡಿದ ಎತ್ತನ್ನು ನೋಡಲು ಹಿರೇಕೆರೂರ ಕಡೆಯ ಒಬ್ಬ ಅಜ್ಜ ಬಂದಿದ್ದರು. ಜೋಡೆತ್ತು ಮಾರಿ ಮನೆಯವರು ಟ್ರ್ಯಾಕ್ಟರ್ ತಂದಿದ್ದರು. ಅಜ್ಜ ಕೋಡು ನೋಡಲಿಲ್ಲ, ಗಂಗೆದೊಗಲು ನೋಡಲಿಲ್ಲ. ಇಣಿಯ ಮುಂದೆ, ನೊಗ ಉಜ್ಜಿ ಹೆಗಲು ಜಡ್ಡುಗಟ್ಟಿದ ಹಾಗೆ ನಾನು ಒರಟಾಗಿ ಬಿಟ್ಟಿದ್ದ ಜಾಗದ ಮೇಲೆ ಕೈಯಾಡಿಸಿ, ‘ಎಷ್ಟ ವರ್ಷ ದುಡದೈತಿ ಇದು?’ ಅಂದರು. ಅಂಗೈಗೆ ತಾಗುತ್ತಿರುವುದು ತಣ್ಣನೆ ಸಿಮೆಂಟೆಂದು ಅವರಿಗೆ ಗೊತ್ತಿಲ್ಲದೇ ಇಲ್ಲ. ಎತ್ತೂ ಇತ್ತು, ಸಿಮೆಂಟೂ ಇತ್ತು, ಎರಡೂ ಒಂದೇ ಕೈಯೊಳಗೆ. ಗಾದೆ ಕಟ್ಟಿದವನು ನಾಯಿ ಸಾಕಿದವನಲ್ಲ, ನಾಯಿಗೆ ಹೆದರಿದವನು ಎಂದು ನನಗೆ ಅನಿಸಿದ್ದು ಆಗಲೇ.

ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಇದು ಇನ್ನೂ ನಿಚ್ಚಳ. ಎರೆಮಣ್ಣಿನ ಜೋಡೆತ್ತು, ಮುಂದೊಂದು ಗ್ವಾದಲಿ, ಕಣ್ಣಿಗೆ ಗುಲಗಂಜಿ. ಅಷ್ಟರಲ್ಲಿ ಎತ್ತು ಮುಗಿಯಿತು. ಮಾಡಿದವರ ಹೆಬ್ಬೆರಳಿನ ಗುರುತು ಬೆನ್ನ ಮೇಲೇ ಇರುತ್ತದೆ. ಅದಕ್ಕೆ ಪೂಜೆ, ಎಡೆ ಎಲ್ಲ ಆಗುತ್ತದೆ. ಮಣ್ಣು ಅಡಗಿಸಬೇಕೆಂದು ಯಾರಿಗೂ ಅನಿಸುವುದಿಲ್ಲ. ಥೇಟ್ ಎತ್ತಿನಂತೆ ಮಾಡಿದ ಮೂರ್ತಿಗಿಂತ ನನಗೆ ಇದೇ ಮೇಲು. ಹೀಗಂದರೆ ನನ್ನ ಗಿರಾಕಿಗಳಿಗೆ ಸಿಟ್ಟು ಬರುತ್ತದೆ.

ದೀಪಾವಳಿ ಹೊತ್ತಿಗೆ ಹಾನಗಲ್ಲ, ಹಾವೇರಿ ಸೀಮೆಯ ಹೋರಿ ಹಬ್ಬದಲ್ಲಿ ಗಾದೆ ತಲೆಕೆಳಗಾಗುತ್ತದೆ. ಕೊಬ್ಬರಿ ಸರ, ಬಲೂನು, ಜೂಲು ಹೊತ್ತು ನಿಂತ ಜೀವಂತ ಹೋರಿಯಲ್ಲಿ ಹೋರಿಯೇ ಕಾಣುವುದಿಲ್ಲ. ಬಿಟ್ಟು ಓಡಿಸಿದಾಗ ಮಾತ್ರ ಮಂದಿಗೆ ಎದೆ ಝಲ್ಲೆನ್ನುತ್ತದೆ. ಹೆಸರು ಮಾಡಿದ ಹೋರಿ ಸತ್ತರೆ ಮನೆಯ ಹಿರಿಯರಿಗೆ ಮಾಡಿದಂತೆ ಮೆರವಣಿಗೆ ಮಾಡಿ ಮಣ್ಣು ಕೊಡುತ್ತಾರೆ.

ಅಂಥ ಹೋರಿಯ ಮೂರ್ತಿ ಬೇಕೆಂದು ಬರುವವರು ಮೊಬೈಲಿನ ಫೋಟೊ ಆಮೇಲೆ ತೋರಿಸುತ್ತಾರೆ; ಮೊದಲು ಅದು ಯಾರ ಕೈಯಿಂದ ಮೇವು ತಿನ್ನುತ್ತಿತ್ತು, ಯಾರನ್ನು ಹತ್ತಿರ ಬಿಡುತ್ತಿರಲಿಲ್ಲ ಎಂದು ಹೇಳುತ್ತಾರೆ. ಕಿವಿ ಹಿಂದಕ್ಕೆ ಮಲಗಿಸಬೇಕೋ ನಿಲ್ಲಿಸಬೇಕೋ ಎಂಬುದು ಅದರಿಂದ ನಿಶ್ಚಯವಾಗುತ್ತದೆ. ಕತ್ತಿನ ಬಳಿ ಸ್ವಲ್ಪ ಸಿಮೆಂಟು ಕಾಣುವಂತೆ ಬಣ್ಣ ಬಿಟ್ಟರೆ ಚೆಂದ ಎಂದು ನಾನು ಹೇಳಿ ನೋಡುತ್ತೇನೆ. ‘ಬ್ಯಾಡ್ರಿ, ಪೂರಾ ಹಚ್ಚಿಬಿಡ್ರಿ’ ಅನ್ನುವವರೇ ಹೆಚ್ಚು. ಹಚ್ಚುತ್ತೇನೆ.